ಆಟ ಅಹಮದಾಬಾದಿನಲ್ಲಿ, ಸಾಲ ಚಳ್ಳಕೆರೆಯಲ್ಲಿ

2023ರ ಅಕ್ಟೋಬರ್ 5ರಿಂದ ನವೆಂಬರ್ 19ರವರೆಗೆ ಪುರುಷರ ಏಕದಿನ ಕ್ರಿಕೆಟ್ ವಿಶ್ವಕಪ್ ನಮ್ಮ ದೇಶದಲ್ಲಿ ನಡೆಯಿತು. ಆತಿಥ್ಯ ವಹಿಸಿದ ಹತ್ತು ನಗರಗಳಲ್ಲಿ ಬೆಂಗಳೂರೂ ಒಂದು. ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಐದು ಪಂದ್ಯಗಳು ಸಿಕ್ಕವು. ಅವುಗಳಲ್ಲಿ ಭಾರತ–ನೆದರ್ಲೆಂಡ್ಸ್ ಪಂದ್ಯ ನಡೆದದ್ದು ದೀಪಾವಳಿಯ ದಿನವೇ. ಮರುವರ್ಷ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಒಂದು ವರದಿ ಹೊರತಂದು, ಈ ಟೂರ್ನಿಯಿಂದ ಭಾರತದ ಆರ್ಥಿಕತೆಗೆ 139 ಕೋಟಿ ಡಾಲರ್, ಅಂದರೆ 11,637 ಕೋಟಿ ರೂಪಾಯಿಯ ಪ್ರಯೋಜನವಾಯಿತು ಎಂದು ಸಾರಿತು. 12.5 ಲಕ್ಷ ಜನ ಕ್ರೀಡಾಂಗಣಕ್ಕೆ ಬಂದರು, 48 ಸಾವಿರಕ್ಕೂ ಹೆಚ್ಚು ಪೂರ್ಣಾವಧಿ ಮತ್ತು ಅರೆಕಾಲಿಕ ಉದ್ಯೋಗಗಳು ಹುಟ್ಟಿದವು ಎಂಬ ಲೆಕ್ಕವೂ ಅದರಲ್ಲಿತ್ತು. ವಿಶ್ವಕಪ್ ನಡೆದ 2023ರಲ್ಲೇ ಮುಂಗಾರು ಕೈಕೊಟ್ಟು ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳು ಆ ಪಟ್ಟಿಯಲ್ಲಿದ್ದವು. ಶೇಂಗಾ ಬಳ್ಳಿ ಕಿತ್ತು, ಒಣಗಿಸಿ, ಕಾಯಿ ಬಿಡಿಸಿ, ವರ್ಷದ ಸಾಲ ತೀರಿಸಲು ಕೈಯಲ್ಲಿ ಒಂದಿಷ್ಟು ಕಾಸು ಕಾಣಬೇಕಾದ ಅಕ್ಟೋಬರ್–ನವೆಂಬರ್ ತಿಂಗಳುಗಳಲ್ಲೇ ವಿಶ್ವಕಪ್ಪೂ ನಡೆಯಿತು, ಬರವೂ ಇತ್ತು.

ಕ್ರಿಕೆಟ್ ಆಡಿದ್ದರಿಂದ ಮಳೆ ಬರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಈ ಎರಡು ಸಂಗತಿಗಳನ್ನು ಜೊತೆಗಿಡಲು ಬೇರೆ ಕಾರಣವಿದೆ. 2030ರ ಕಾಮನ್‌ವೆಲ್ತ್ ಕ್ರೀಡಾಕೂಟ ಅಹಮದಾಬಾದಿಗೆ ದಕ್ಕಿದೆ. 2025ರ ನವೆಂಬರ್‌ನಲ್ಲಿ ಗ್ಲಾಸ್ಗೋದಲ್ಲಿ ನಡೆದ ಸಭೆ ಅದನ್ನು ಅಧಿಕೃತಗೊಳಿಸಿತು. 2036ರ ಒಲಿಂಪಿಕ್ಸ್ ನಡೆಸುವ ಇಚ್ಛೆಯನ್ನು ಭಾರತ 2024ರ ಅಕ್ಟೋಬರ್‌ನಲ್ಲೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಪತ್ರಮುಖೇನ ತಿಳಿಸಿದೆ. ಅಂದರೆ ಮುಂದಿನ ಹತ್ತು ವರ್ಷ ಇಂಥ ಲಾಭದ ಅಂಕಿಗಳು ನಮ್ಮ ಮುಂದೆ ಮತ್ತೆ ಮತ್ತೆ ಬರಲಿವೆ. ಆ ಅಂಕಿಗಳನ್ನೆಲ್ಲ ಕ್ರೀಡಾಂಗಣದ ಬಾಗಿಲಲ್ಲಿ ನಿಂತು ಎಣಿಸಲಾಗುತ್ತದೆ. ಅವುಗಳನ್ನು ಕ್ರೀಡಾಂಗಣದಿಂದ ಇನ್ನೂರು ಕಿಲೋಮೀಟರ್ ದೂರದ ತಾಲ್ಲೂಕಿನಲ್ಲಿ ನಿಂತು ಎಣಿಸಬೇಕು ಎಂಬುದು ಈ ಲೇಖನದ ವಾದ. ಹಾಗೆ ಎಣಿಸಿದಾಗ ಕಾಣುವುದು ಇಷ್ಟು: ದೊಡ್ಡ ಕ್ರೀಡಾಕೂಟದ ಸಂಪಾದನೆ ಆತಿಥೇಯ ನಗರದಲ್ಲೇ ಉಳಿಯುತ್ತದೆ, ಅದರ ಕೇಡು ಮಾತ್ರ ಮೊಬೈಲ್ ಸಿಗ್ನಲ್ ಇರುವ ಊರನ್ನೆಲ್ಲ ಮುಟ್ಟುತ್ತದೆ. ತಾಲ್ಲೂಕಿನ ಪಾಲು ಎಷ್ಟೆಂದು ಮೊದಲೇ ಕಾಗದದ ಮೇಲೆ ಬರೆಯದ ಹೊರತು ಇದು ಬದಲಾಗದು.

ಐಸಿಸಿಯ ಅಂಕಿಯನ್ನೇ ಬಿಡಿಸಿ ನೋಡಿ. ಅದರಲ್ಲಿ 86 ಕೋಟಿ ಡಾಲರ್‌ನಷ್ಟು ಪಾಲು ಪ್ರವಾಸದಿಂದ ಬಂದದ್ದು. ಎಂದರೆ ಹೋಟೆಲ್ ಕೋಣೆ, ವಿಮಾನ, ಟ್ಯಾಕ್ಸಿ, ಊಟ. ಇದನ್ನು ಗಳಿಸಿದ್ದು ಆ ಹತ್ತು ನಗರಗಳು. ಮೇಲಾಗಿ ಇದು ಒಟ್ಟು ಖರ್ಚಿನ ಲೆಕ್ಕ. ಪಂದ್ಯವಿಲ್ಲದಿದ್ದರೆ ಅದೇ ಜನ ಅದೇ ದುಡ್ಡನ್ನು ಬೇರೆಲ್ಲೋ ಖರ್ಚು ಮಾಡುತ್ತಿದ್ದರಲ್ಲ, ಅದನ್ನು ಕಳೆದು ಉಳಿಯುವ ನಿವ್ವಳ ಲಾಭ ಬೇರೆಯೇ. ದೀಪಾವಳಿಗೆ ಊರಿಗೆ ಬಂದು ಬಟ್ಟೆಬರೆಗೆ, ಹಬ್ಬದ ಸಂತೆಗೆ ಹಣ ಹಾಕಬೇಕಿದ್ದ ಹುಡುಗ ಬೆಂಗಳೂರಿನಲ್ಲೇ ಉಳಿದು ಟಿಕೆಟ್ ಕೊಂಡರೆ ದೇಶದ ಲೆಕ್ಕದಲ್ಲಿ ಅದು ಹೊಸ ಹಣವಲ್ಲ, ಹಣ ಊರು ಬದಲಿಸಿತು ಅಷ್ಟೆ. ದೊಡ್ಡ ಕ್ರೀಡಾಕೂಟಗಳ ಲಾಭ ಹೇಳುವ ವರದಿಗಳ ಮೇಲೆ ಅರ್ಥಶಾಸ್ತ್ರಜ್ಞರು ದಶಕಗಳಿಂದ ಎತ್ತುತ್ತಿರುವ ಆಕ್ಷೇಪ ಇದೇ. ಇನ್ನು ಖರ್ಚಿನ ಕಡೆ ನೋಡಿದರೆ, 1960ರಿಂದೀಚಿನ ಒಲಿಂಪಿಕ್ಸ್‌ಗಳನ್ನು ಅಧ್ಯಯನ ಮಾಡಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ವೆಚ್ಚ ಮೂಲ ಅಂದಾಜನ್ನು ಸರಾಸರಿ ಶೇ 156ರಷ್ಟು ಮೀರಿದೆ ಎಂದು 2016ರಲ್ಲಿ ಕಂಡುಕೊಂಡರು. 1976ರ ಒಲಿಂಪಿಕ್ಸ್‌ಗೆ ಮಾಡಿದ ಸಾಲವನ್ನು ಕೆನಡಾದ ಮಾಂಟ್ರಿಯಲ್ ತೀರಿಸಿ ಮುಗಿಸಿದ್ದು 2006ರಲ್ಲಿ.

ಹಾಗಾದರೆ ಚಳ್ಳಕೆರೆಗೆ ತಲುಪುವುದೇನು? ಎಣ್ಣೆ ಮಿಲ್ಲುಗಳ ಊರು ಇದು. ಶೇಂಗಾ ವ್ಯಾಪಾರದಿಂದ ಬೆಳೆದದ್ದು, ಕೈಯಿಂದ ಕೈಗೆ ನಗದು ಓಡಾಡುವುದು ಇಲ್ಲಿನ ಪೇಟೆಗೆ ಹಳೆಯ ರೂಢಿ. ದೊಡ್ಡ ಟೂರ್ನಿ ಶುರುವಾದರೆ ರಾಜ್ಯದ ಯಾವ ತಾಲ್ಲೂಕು ಕೇಂದ್ರದಲ್ಲೂ ಬೆಟ್ಟಿಂಗ್ ಹೇಗೆ ನಡೆಯುತ್ತದೆ ಎಂಬುದು ಗುಟ್ಟಾಗಿ ಉಳಿದಿಲ್ಲ. ಹಿಂದೆ ಬುಕ್ಕಿಯೊಬ್ಬ ಚೀಟಿ ಬರೆದುಕೊಳ್ಳುತ್ತಿದ್ದ. ಈಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ‘ಐಡಿ’ ಬರುತ್ತದೆ, ಫೋನ್‌ಪೇಯಲ್ಲಿ ದುಡ್ಡು ಹಾಕಿದರೆ ಅಷ್ಟು ಪಾಯಿಂಟು ಏರುತ್ತದೆ. ಯಾರು ಗೆಲ್ಲುತ್ತಾರೆ ಎಂಬುದರ ಮೇಲೆ ಮಾತ್ರ ಬಾಜಿ ಎಂದುಕೊಂಡರೆ ತಪ್ಪು. ಟಾಸ್ ಯಾರದು, ಮೊದಲ ಆರು ಓವರ್‌ಗೆ ಎಷ್ಟು ರನ್, ಮುಂದಿನ ಓವರಿನಲ್ಲಿ ವಿಕೆಟ್ ಬೀಳುತ್ತದೆಯೇ, ಹೀಗೆ ಒಂದೇ ಸಂಜೆಯಲ್ಲಿ ಹತ್ತಾರು ಸಲ ಸೋಲಲು ಅವಕಾಶ. ಸೋತದ್ದನ್ನು ಅದೇ ರಾತ್ರಿ ಗೆದ್ದುಕೊಳ್ಳುವ ಆಸೆಗೆ ಕೈಸಾಲ ಬೇಕು, ಕೈಸಾಲಕ್ಕೆ ಮೀಟರ್ ಬಡ್ಡಿ. ಮನೆಯ ಹೆಂಗಸರ ಕಿವಿಯೋಲೆ ಫೈನಾನ್ಸ್‌ಗೆ ಹೋಗುವುದು ಅದರ ಮುಂದಿನ ಹೆಜ್ಜೆ. ಗಂಡ ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಮಾಡಿಕೊಂಡ ಸಾಲ, ಸಾಲ ಕೊಟ್ಟವರ ಕಿರುಕುಳ ತಾಳದೆ ಗೃಹಿಣಿಯೊಬ್ಬರು ಜೀವ ಕಳೆದುಕೊಂಡ ಪ್ರಕರಣ 2024ರ ಮಾರ್ಚ್‌ನಲ್ಲಿ ವರದಿಯಾದದ್ದು ಇದೇ ಚಿತ್ರದುರ್ಗ ಜಿಲ್ಲೆಯಿಂದ. 2025ರ ಆಗಸ್ಟ್‌ನಲ್ಲಿ ಅಕ್ರಮ ಬೆಟ್ಟಿಂಗ್ ಆರೋಪದ ಮೇಲೆ ಜಾರಿ ನಿರ್ದೇಶನಾಲಯ ಚಳ್ಳಕೆರೆಯೂ ಸೇರಿದಂತೆ ಹಲವೆಡೆ ಶೋಧ ನಡೆಸಿ, ಜಿಲ್ಲೆಯ ಶಾಸಕರೊಬ್ಬರನ್ನು ಬಂಧಿಸಿತು. ಆರೋಪದ ಸತ್ಯಾಸತ್ಯ ನಿರ್ಧಾರವಾಗಬೇಕಾದದ್ದು ನ್ಯಾಯಾಲಯದಲ್ಲಿ. ಅದಕ್ಕೂ ಮುಂಚೆ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ. ಆದರೆ ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದ ಹೆಸರು ಕ್ರಿಕೆಟ್ ಜಗತ್ತಿನ ಹಣಕಾಸಿನ ಜೊತೆಗೆ ರಾಷ್ಟ್ರೀಯ ಸುದ್ದಿಯಾದದ್ದು ಈ ಒಂದು ದಾರಿಯಿಂದ ಎಂಬುದು ಯೋಚಿಸಬೇಕಾದ ಸಂಗತಿ.

ಜೂಜು ಆಡುವವನ ಚಟಕ್ಕೆ ಕ್ರೀಡೆಯನ್ನೇಕೆ ದೂರುವುದು, ಇಸ್ಪೀಟು, ಮಟ್ಕಾ ಮೊದಲೂ ಇರಲಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದವು, ನಿಜ. ಆದರೆ ಇಸ್ಪೀಟು ಅಡ್ಡೆಗೆ ಹೋಗುವವನಿಗೆ ತಾನು ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಗೊತ್ತಿತ್ತು, ಅದನ್ನು ಬಚ್ಚಿಡಬೇಕೆಂಬ ಅಳುಕೂ ಇತ್ತು. ಕ್ರಿಕೆಟ್‌ನ ವಿಷಯ ಹಾಗಲ್ಲ. 2023ರಿಂದ 2025ರ ಆಗಸ್ಟ್‌ವರೆಗೆ ಭಾರತ ತಂಡದ ಅಂಗಿಯ ಎದೆಯ ಮೇಲಿದ್ದ ಹೆಸರು ಡ್ರೀಮ್ ಇಲೆವೆನ್. ಹಣ ಕಟ್ಟಿ ತಂಡ ಕಟ್ಟುವ ಆ ಆಟ ಕೌಶಲದ್ದು, ಜೂಜಲ್ಲ ಎಂದು ಹಲವು ಕೋರ್ಟ್‌ಗಳು ಹೇಳಿದ್ದವು. ಕಾನೂನಿನ ದೃಷ್ಟಿಯಲ್ಲಿ ಅದೂ ಬೆಟ್ಟಿಂಗೂ ಒಂದೇ ಆಗಿರಲಿಲ್ಲ. ಆದರೆ ಹತ್ತನೇ ತರಗತಿ ಮುಗಿಸಿ ಅಪ್ಪನ ಜೊತೆ ಮಂಡಿಗೆ ಹೋಗುವ ಹುಡುಗನಿಗೆ ಆ ಸೂಕ್ಷ್ಮ ಯಾರು ಬಿಡಿಸಿ ಹೇಳಿದರು? ಪಂದ್ಯ ನೋಡುವುದೆಂದರೆ ಪಂದ್ಯದ ಮೇಲೆ ದುಡ್ಡು ಹಾಕುವುದೂ ಹೌದು ಎಂಬ ಅಭ್ಯಾಸವನ್ನು ದೇಶದ ತಂಡವೇ ಮೈಮೇಲೆ ಹೊತ್ತು ತೋರಿಸಿತು. ಸಂಸತ್ತು 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಾಗ ಆ ಕಂಪನಿ ಪ್ರಾಯೋಜಕತ್ವದಿಂದ ಹಿಂದೆ ಸರಿಯಿತು. ಕಾಯ್ದೆ ಬಂದದ್ದು ಒಳ್ಳೆಯದಾಯಿತು. ಆದರೆ ಬೆಟ್ಟಿಂಗ್ ಕರ್ನಾಟಕದಲ್ಲಿ ಪೊಲೀಸ್ ಕಾಯ್ದೆಯಡಿ ಮೊದಲಿನಿಂದಲೂ ಅಪರಾಧವೇ ಆಗಿತ್ತು, ಆದರೂ ನಡೆಯಿತು. ಟೂರ್ನಿಯ ಹಣಕಾಸಿಗೂ ಬಾಜಿಯ ಹಣಕಾಸಿಗೂ ಇಷ್ಟು ವರ್ಷ ನಡೆದ ಕೊಡುಕೊಳೆಯ ಲೆಕ್ಕವನ್ನು ‘ಆರ್ಥಿಕ ಪ್ರಯೋಜನ’ದ ಯಾವ ವರದಿಯೂ ಖರ್ಚಿನ ಕಡೆ ಬರೆಯುವುದಿಲ್ಲ.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ದೇಶದ ಹೆಮ್ಮೆಯನ್ನು ರೂಪಾಯಿಯಲ್ಲಿ ತೂಗಬಾರದು, ಕಪ್ ಗೆದ್ದಾಗ ಚಳ್ಳಕೆರೆಯ ನೆಹರೂ ವೃತ್ತದಲ್ಲೂ ಪಟಾಕಿ ಹೊಡೆಯುವುದಿಲ್ಲವೇ, ಆ ಸಂತೋಷಕ್ಕೆ ಬೆಲೆ ಇಲ್ಲವೇ ಎನ್ನುತ್ತಾರೆ. ಬೆಲೆ ಇದೆ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಭಾರತದ ಹೆಣ್ಣುಮಕ್ಕಳು ವಿಶ್ವಕಪ್ ಎತ್ತಿದಾಗ ಈ ನಾಡಿನ ಪ್ರತಿ ಹಟ್ಟಿಯ ಹುಡುಗಿಗೂ ಅದರಲ್ಲಿ ಪಾಲಿತ್ತು. ಆದರೆ ದೇಶದ ಹೆಮ್ಮೆಗೂ ಸ್ಥಳೀಯರ ಪಾಲಿಗೂ ಇರುವ ಅಂತರವನ್ನು ಚಳ್ಳಕೆರೆಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲಿನಲ್ಲಿ ಸುಮಾರು 10 ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. 2023ರ ಏಪ್ರಿಲ್‌ನಲ್ಲಿ ಇಸ್ರೊದ ಮರುಬಳಕೆ ವಾಹನ ತಾನಾಗಿಯೇ ರನ್‌ವೇಗೆ ಇಳಿದದ್ದು ಈ ನೆಲದಲ್ಲಿ. ಇಡೀ ದೇಶ ಹೆಮ್ಮೆಪಟ್ಟಿತು, ಪಡಬೇಕಾದದ್ದೇ. ದೊಡ್ಡ ಉಳ್ಳಾರ್ತಿ, ಖುದಾಪುರದ ಸುತ್ತಲಿನ ಕುರಿಗಾಹಿಗಳಿಗೆ ಮಾತ್ರ ಕಂಡದ್ದು ಮೇವಿನ ಬಯಲಿಗೆ ಅಡ್ಡವಾಗಿ ಎದ್ದ ಗೋಡೆ. ಕುರಿ ಮೇವು ಕಳೆದುಕೊಂಡರೆ ಉಣ್ಣೆ ಕಡಿಮೆ, ಉಣ್ಣೆ ಕಡಿಮೆಯಾದರೆ ಚಳ್ಳಕೆರೆಯ ಕಂಬಳಿ ನೇಯುವವರಿಗೆ ಕೆಲಸ ಕಡಿಮೆ. ಸಂಶೋಧನೆ ಬೇಡವಾಗಿತ್ತು ಎಂಬುದು ನನ್ನ ಮಾತಲ್ಲ. ಹೆಮ್ಮೆಯ ಹೆಸರಿನಲ್ಲಿ ಬಂದ ಯೋಜನೆಯಲ್ಲಿ ಆ ಊರಿನವರ ಪಾಲನ್ನು ಮೊದಲೇ ಗೊತ್ತುಮಾಡದಿದ್ದರೆ, ಆಮೇಲೆ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರೂ ಅದು ಪೂರ್ತಿ ಸಿಗುವುದಿಲ್ಲ. ಈ ಪಾಠ ಕ್ರೀಡಾಕೂಟಕ್ಕೂ ಅನ್ವಯಿಸುತ್ತದೆ.

ಕೂಟಕ್ಕಾಗಿ ಕಟ್ಟಿದ್ದು ಉಳಿಯುತ್ತದಲ್ಲ ಎಂಬ ಮಾತಿನಲ್ಲೂ ಅರ್ಧ ಸತ್ಯವಿದೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಸಜ್ಜಾದ ಕಂಠೀರವ ಕ್ರೀಡಾಂಗಣದಲ್ಲೇ 2025ರ ಜುಲೈನಲ್ಲಿ ನೀರಜ್ ಚೋಪ್ರಾ ಹೆಸರಿನ ಅಂತರರಾಷ್ಟ್ರೀಯ ಜಾವೆಲಿನ್ ಸ್ಪರ್ಧೆ ನಡೆಯಿತು. ಕ್ರೀಡಾಪಟುಗಳು ತಂಗಲೆಂದು ಕಟ್ಟಿದ ಕೋರಮಂಗಲದ ಕ್ರೀಡಾಗ್ರಾಮ ಇಂದು ನಗರದ ಬೇಡಿಕೆಯ ವಸತಿ ಸಮುಚ್ಚಯ. ಉಳಿದದ್ದು ಬೆಂಗಳೂರಿಗೆ ಉಳಿಯಿತು. ಆದರೆ ದುಡ್ಡು ಎಲ್ಲಿಂದ ಹೋಗುತ್ತದೆ ಎಂಬುದಕ್ಕೆ ದೆಹಲಿಯ 2010ರ ಕಾಮನ್‌ವೆಲ್ತ್ ಕೂಟ ಸಾಕ್ಷಿ. 2003ರಲ್ಲಿ 1,200 ಕೋಟಿ ರೂಪಾಯಿ ಎಂದು ಅಂದಾಜಿಸಿದ್ದ ಕೂಟದ ಬಾಬ್ತು 18,500 ಕೋಟಿ ದಾಟಿತೆಂದು ಮಹಾಲೇಖಪಾಲರ ವರದಿ ಹೇಳಿತು. ಹಗರಣಗಳ ಕಥೆ ಎಲ್ಲರಿಗೂ ನೆನಪಿದೆ. ಜನ ಮರೆತಿರುವುದು ಇನ್ನೊಂದು: ಪರಿಶಿಷ್ಟ ಜಾತಿಯವರ ಏಳಿಗೆಗೆ ಮೀಸಲಾದ ವಿಶೇಷ ಘಟಕ ಯೋಜನೆಯ 600 ಕೋಟಿ ರೂಪಾಯಿಗೂ ಹೆಚ್ಚು ಹಣವನ್ನು ದೆಹಲಿ ಸರ್ಕಾರ ಆ ಕೂಟದ ಕಾಮಗಾರಿಗಳಿಗೆ ತಿರುಗಿಸಿತ್ತು; ಅಂದಿನ ಗೃಹ ಸಚಿವರು ರಾಜ್ಯಸಭೆಯಲ್ಲೇ ಅದನ್ನು ಒಪ್ಪಿಕೊಳ್ಳಬೇಕಾಯಿತು. ಚಳ್ಳಕೆರೆ, ಮೊಳಕಾಲ್ಮುರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಮ್ಯಾಸಬೇಡರ ಹಟ್ಟಿಗಳು, ದಲಿತರ ಕೇರಿಗಳು ತುಂಬಿದ ಈ ನೆಲದವರು 2010ರ ಆ ಲೆಕ್ಕವನ್ನು ಓದಿದರೆ ‘ದೇಶದ ಪ್ರತಿಷ್ಠೆ’ ಎಂಬ ಮಾತಿಗೆ ಯಾರ ಪಾಲಿನ ಹಣ ಕರಗಿತು ಎಂದು ಕೇಳುವುದು ಸಹಜ. ಕರ್ನಾಟಕದಲ್ಲಿ ಪರಿಶಿಷ್ಟರ ಪಾಲಿನ ಇಂಥ ಹಣ ಬೇರೆಡೆ ಹೋಗದಂತೆ ತಡೆಯಲು 2013ರ ಕಾಯ್ದೆ ಇದೆ. ಅದರ 7ಡಿ ಕಲಂ ಬಿಟ್ಟಿದ್ದ ಸಂದಿಯನ್ನು ಮುಚ್ಚಲು ಮತ್ತೆ ಹತ್ತು ವರ್ಷ ಬೇಕಾಯಿತು.

ಜನದಟ್ಟಣೆಯ ಅಪಾಯವನ್ನು ಹೇಳದೆ ಈ ವಿಷಯ ಪೂರ್ತಿಯಾಗದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಅಂದು ನಡೆದದ್ದು ಐಪಿಎಲ್ ವಿಜಯೋತ್ಸವ, ಅಂತರರಾಷ್ಟ್ರೀಯ ಪಂದ್ಯವಲ್ಲ. ಆದರೆ ಅದರ ಫಲವಾಗಿ ಮಹಿಳಾ ವಿಶ್ವಕಪ್‌ನ ಪಂದ್ಯಗಳೇ ಬೆಂಗಳೂರಿನ ಕೈತಪ್ಪಿ ನವಿ ಮುಂಬೈಗೆ ಹೋದವು. ಸತ್ತವರಲ್ಲಿ ಯಾದಗಿರಿ, ಕೋಲಾರ, ತುಮಕೂರು, ಹಾಸನ ಜಿಲ್ಲೆಗಳ ಮೂಲದ ಎಳೆಯರಿದ್ದರು. ಊರಲ್ಲಿ ನಿಂತು ನೋಡಲು ಏನೂ ಇಲ್ಲದ ಮಕ್ಕಳು ರಾಜಧಾನಿಯ ಒಂದೇ ಗೇಟಿನ ಮುಂದೆ ಬಂದು ಸೇರಿದರೆ ಆಗುವ ಅನಾಹುತ ಅದು.

ದೊಡ್ಡ ಕೂಟ ನೋಡಿ ಮಕ್ಕಳು ಆಟಕ್ಕೆ ಇಳಿಯುತ್ತಾರೆ, ಅದೇ ದೊಡ್ಡ ಪ್ರಯೋಜನ ಎಂಬ ವಾದವನ್ನು ನಾನು ತುಸು ಹೆಚ್ಚು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಿಜವಾಗಬೇಕು ಎಂಬ ಆಸೆ ನನಗೂ ಇದೆ. ಲಂಡನ್ 2012ರ ಒಲಿಂಪಿಕ್ಸ್ ಪಡೆದದ್ದೇ ಒಂದು ಪೀಳಿಗೆಯನ್ನು ಆಟದ ಮೈದಾನಕ್ಕೆ ತರುತ್ತೇವೆ ಎಂಬ ಮಾತು ಕೊಟ್ಟು. ಆ ಭರವಸೆ ನಿರೀಕ್ಷಿಸಿದಷ್ಟು ಈಡೇರಲಿಲ್ಲ ಎಂದು ಬ್ರಿಟನ್ನಿನ ಸಂಸದೀಯ ಸಮಿತಿಗಳೇ ಹೇಳಿವೆ. ಟಿ.ವಿ.ಯಲ್ಲಿ ನೋಡಿದ ಮಗು ಮರುದಿನ ಹೊರಗೆ ಬಂದಾಗ ಮೈದಾನವಿದ್ದು, ಹೇಳಿಕೊಡುವವರಿದ್ದರೆ ಮಾತ್ರ ಆಸೆ ಆಟವಾಗುತ್ತದೆ. ನಮ್ಮ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ದೈಹಿಕ ಶಿಕ್ಷಕರೇ ಇರುವುದಿಲ್ಲ. ಹಾಗಿದ್ದೂ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತರು. ಅದು ಅವರ ಮತ್ತು ಅವರ ಮನೆಯವರ ಶ್ರಮದ ಫಲವೇ ಹೊರತು ವ್ಯವಸ್ಥೆಯದ್ದಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊ–ಖೊ ವಿಶ್ವಕಪ್ ನಡೆದು ಪುರುಷ, ಮಹಿಳಾ ಎರಡೂ ಪ್ರಶಸ್ತಿಗಳು ಭಾರತಕ್ಕೆ ಬಂದಾಗ ನಮಗೊಂದು ಅಪೂರ್ವ ಅವಕಾಶ ಸಿಕ್ಕಿತ್ತು. ಎರಡು ಕಂಬ, ಒಂದು ಬಯಲು ಇದ್ದರೆ ಆಡಬಹುದಾದ ಆಟ ಅದು. ಬಯಲುಸೀಮೆಯ ಸರ್ಕಾರಿ ಶಾಲೆಗಳಿಗೆ ಹೇಳಿ ಮಾಡಿಸಿದ್ದು. ಗೆದ್ದ ತಂಡಗಳಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರಿಗೆ ರಾಜ್ಯ ಸರ್ಕಾರ ಘೋಷಿಸಿದ್ದು ತಲಾ 5 ಲಕ್ಷ ರೂಪಾಯಿ. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ಕೆಲಸ ಕೊಡುವಾಗ ಇದು ಅವಮಾನ ಎಂದು ಇಬ್ಬರೂ ಆ ಹಣವನ್ನು ನಿರಾಕರಿಸಿದರು. ವಿಶ್ವಕಪ್ ಗೆದ್ದು ಬಂದ ಹಳ್ಳಿಯ ಹುಡುಗಿಗೆ ನಾಡು ಹೀಗೆ ನಡೆದುಕೊಂಡದ್ದನ್ನು ನೋಡಿದ ಇನ್ನೊಬ್ಬ ಹಳ್ಳಿಯ ಹುಡುಗಿಗೆ ಯಾವ ಸ್ಫೂರ್ತಿ ಬರಬೇಕು?

ಬೇರೆ ದಾರಿ ಇಲ್ಲವೆಂದಲ್ಲ. ಒಡಿಶಾ ಅದನ್ನು ತೋರಿಸಿದೆ. 2023ರ ಜನವರಿಯ ಹಾಕಿ ವಿಶ್ವಕಪ್ ಭುವನೇಶ್ವರದಲ್ಲೇ ಪೂರ್ತಿ ನಡೆಯಬಹುದಿತ್ತು; 2018ರಲ್ಲಿ ಹಾಗೇ ನಡೆದಿತ್ತು. ಆದರೆ ಈ ಸಲ ಸುಮಾರು ಅರ್ಧ ಕೂಟವನ್ನು ಸುಂದರಗಢ ಜಿಲ್ಲೆಯ ರೂರ್ಕೆಲಾಕ್ಕೆ ಒಯ್ದು, ಅಲ್ಲಿ ಬಿರ್ಸಾ ಮುಂಡಾ ಹೆಸರಿನಲ್ಲಿ ಕ್ರೀಡಾಂಗಣ ಕಟ್ಟಿದರು. ಸುಂದರಗಢ ಆದಿವಾಸಿಗಳ ಜಿಲ್ಲೆ. ದಿಲೀಪ್ ತಿರ್ಕಿ, ಅಮಿತ್ ರೋಹಿದಾಸ್ ಅಂಥವರನ್ನು ಕೊಟ್ಟ ನೆಲ. ಜೊತೆಗೆ ಆ ಜಿಲ್ಲೆಯ 17 ಬ್ಲಾಕ್‌ಗಳಲ್ಲೂ ಕೃತಕ ಹುಲ್ಲಿನ ಹಾಕಿ ಅಂಕಣ ಹಾಕುವ ಯೋಜನೆ ಕೈಗೊಂಡರು. ಬ್ಲಾಕ್ ಎಂದರೆ ನಮ್ಮಲ್ಲಿನ ತಾಲ್ಲೂಕಿಗಿಂತ ಚಿಕ್ಕದು. ಆಟ ಎಲ್ಲಿ ಬದುಕಿದೆಯೋ ಅಲ್ಲಿಗೆ ಕೂಟವನ್ನು ಕೊಂಡೊಯ್ದದ್ದು, ಕೂಟದ ನೆಪದಲ್ಲಿ ಕೆಳಗಿನ ಅಂಕಣಗಳಿಗೂ ಹಣ ತಂದದ್ದು, ಈ ಎರಡೂ ಒಟ್ಟಿಗೆ ನಡೆದವು. ಚಿತ್ರದುರ್ಗಕ್ಕೆ ಹಾಕಿ ವಿಶ್ವಕಪ್ ಬರಲಿ ಎಂದು ಕೇಳುವುದು ಹುಚ್ಚುತನವಾದೀತು. ಖೊ–ಖೊ, ಕಬಡ್ಡಿಯ ಅಂತರರಾಷ್ಟ್ರೀಯ ಟೂರ್ನಿಗಳ ಕೆಲವು ಪಂದ್ಯಗಳು ಜಿಲ್ಲಾ ಕೇಂದ್ರಗಳಿಗೆ ಬರಲಿ ಎಂದು ಕೇಳುವುದರಲ್ಲಿ ಹುಚ್ಚುತನ ಏನೂ ಇಲ್ಲ.

ಇಲ್ಲಿಗೆ ಬಂದಾಗ ಬಹಳ ಜನ ಹೇಳುವ ಮಾತು, ಚಳ್ಳಕೆರೆಗೆ ಮೊದಲು ನೀರು ಬೇಕು, ಮೈದಾನವಲ್ಲ. ಒಪ್ಪೋಣ. ಭದ್ರಾ ಮೇಲ್ದಂಡೆ ಯೋಜನೆಗೆ 2023–24ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿಗಾಗಿ ಈ ಜಿಲ್ಲೆಯ ರೈತರು ಧರಣಿ ಕೂತಿದ್ದಾರೆ, ಬಂದ್ ಮಾಡಿದ್ದಾರೆ. ಆದರೆ ಈ ಹೋಲಿಕೆಯಲ್ಲೇ ಒಂದು ಉತ್ತರ ಅಡಗಿದೆ. ದೊಡ್ಡ ಕ್ರೀಡಾಕೂಟಕ್ಕೆ ಇರುವ ನಿಜವಾದ ಬಲ ಅದರ ಗಡುವು. ದೆಹಲಿ ಕೂಟ 2010ರ ಅಕ್ಟೋಬರ್ 3ರಂದು ಶುರುವಾಗಲೇಬೇಕಿತ್ತು. ಆದ್ದರಿಂದ ಕಡತಗಳು ಓಡಿದವು, ಹಣ ಬಿಡುಗಡೆಯಾಯಿತು, ಮೇಲ್ಸೇತುವೆ ಎದ್ದಿತು. ಮೇಲ್ದಂಡೆ ಕಾಲುವೆಗೆ ಅಂಥ ದಿನಾಂಕವಿಲ್ಲ. ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಎನ್ನಬಹುದು, ಯಾವ ವಿದೇಶಿ ತಂಡವೂ ಬಂದು ಕಾಲುವೆಯ ದಡದಲ್ಲಿ ಕಾಯುವುದಿಲ್ಲ. ಹಣ ಹರಿಯುವುದು ಅಗತ್ಯದ ಕಡೆಗಲ್ಲ, ದಿನಾಂಕದ ಕಡೆಗೆ. ಹಾಗಿರುವಾಗ ತಾಲ್ಲೂಕಿನ ಕೆಲಸಗಳನ್ನೂ ಅದೇ ದಿನಾಂಕಕ್ಕೆ ಕಟ್ಟಿಹಾಕಬೇಕು. 2030ರ ಕೂಟಕ್ಕೆ ಕೇಂದ್ರ ಕೊಡುವ ಪ್ರತಿ ನೂರು ರೂಪಾಯಿಯಲ್ಲಿ ಇಂತಿಷ್ಟು ಆತಿಥೇಯವಲ್ಲದ ತಾಲ್ಲೂಕುಗಳ ಶಾಲಾ ಮೈದಾನ, ತರಬೇತುದಾರರಿಗೆ ಹೋಗಬೇಕು, ಅದು ಕೂಟ ಉದ್ಘಾಟನೆಯಾಗುವ ಮೊದಲೇ ಮುಗಿಯಬೇಕು ಎಂದು ಒಪ್ಪಂದದಲ್ಲೇ ಬರೆಯಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಅನುಭವ ಇಲ್ಲಿ ಉಪಯೋಗಕ್ಕೆ ಬರುತ್ತದೆ. 2026ರ ಕಾಮನ್‌ವೆಲ್ತ್ ಕೂಟವನ್ನು ರಾಜಧಾನಿ ಮೆಲ್ಬರ್ನ್ ಬಿಟ್ಟು ಬೆಂಡಿಗೊ, ಬ್ಯಾಲರಾಟ್‌ನಂಥ ಸಣ್ಣ ನಗರಗಳಲ್ಲಿ ನಡೆಸಲು ಅದು ಹೊರಟಿತ್ತು. ವೆಚ್ಚ 260 ಕೋಟಿ ಆಸ್ಟ್ರೇಲಿಯನ್ ಡಾಲರ್‌ನಿಂದ 600 ಕೋಟಿ ಮೀರುತ್ತದೆಂದು ಕಂಡಾಗ 2023ರ ಜುಲೈನಲ್ಲಿ ಕೂಟದಿಂದಲೇ ಹಿಂದೆ ಸರಿಯಿತು, 38 ಕೋಟಿ ಡಾಲರ್ ಪರಿಹಾರವನ್ನೂ ತೆತ್ತಿತು. ಆದರೆ ಆ ಊರುಗಳಿಗೆ ಮಾತು ಕೊಟ್ಟಿದ್ದ ಕ್ರೀಡಾ ಸೌಲಭ್ಯ, ವಸತಿಗೆಂದು 200 ಕೋಟಿ ಡಾಲರ್‌ನ ಯೋಜನೆಯನ್ನು ಉಳಿಸಿಕೊಳ್ಳುವುದಾಗಿ ಪ್ರಕಟಿಸಿತು. ಊರಿನ ಪಾಲು ಮೊದಲೇ ಹೆಸರಿಟ್ಟು ಬರೆದಿದ್ದರಿಂದ ಕೂಟ ಹೋದ ಮೇಲೂ ಅದನ್ನು ಕೇಳಲು ಜನರಿಗೆ ಒಂದು ಆಧಾರ ಉಳಿಯಿತು.

ಸಂಸ್ಕೃತಿಯ ವಿಷಯದಲ್ಲೂ ಇದೇ ನ್ಯಾಯ. ಕೂಟದ ಉದ್ಘಾಟನೆಗೆ ಕಲಾತಂಡಗಳನ್ನು ಕರೆಸಿ ಒಂದು ಸಂಜೆ ಕುಣಿಸಿ ಕಳಿಸಿದರೆ ಸಂಸ್ಕೃತಿಗೆ ಮನ್ನಣೆ ಸಿಕ್ಕಿತು ಎನ್ನುವುದು ವಾಡಿಕೆ. ಅದಕ್ಕಿಂತ ಕೊಳ್ಳುವಿಕೆ ದೊಡ್ಡ ಮನ್ನಣೆ. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಇದೆ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು, ಅಂಚಿಗೆ ಒಂದು ಲಾಳಿ, ಒಡಲಿಗೆ ಒಂದು ಲಾಳಿ ಎಂದು ದಿನಗಟ್ಟಲೆ ನೇಯ್ದ ಸೀರೆಗೆ ನೇಕಾರನಿಗೆ ಸಿಗುವುದು ಕೂಲಿ, ಲಾಭ ಬೇರೆಯವರದು. ಪವರ್‌ಲೂಮ್‌ನಲ್ಲಿ ನೇಯ್ದ ಅಗ್ಗದ ನಕಲಿನ ಕಾಟ ಬೇರೆ. 2030ರ ಕೂಟದಲ್ಲಿ ಪದಕ ಗೆದ್ದವರ ಹೆಗಲಿಗೆ, ಅತಿಥಿಗಳ ಕೈಗೆ ಕೊಡುವ ಸಾವಿರಾರು ಶಾಲುಗಳಲ್ಲಿ ದೇಶದ ಜಿಐ ಕೈಮಗ್ಗಗಳಿಗೆ ಪಾಲು ಕೊಟ್ಟರೆ, ಮೊಳಕಾಲ್ಮುರಿಗೆ ಬರುವ ಕೆಲವೇ ನೂರರ ಬೇಡಿಕೆ ಕೂಡ ಒಂದು ವರ್ಷದ ಕೆಲಸ. ಹೀಗೆ ನಡೆಯಲಾರದು ಎನ್ನುವವರು 2024ರ ಟಿ20 ವಿಶ್ವಕಪ್ ನೆನಪಿಸಿಕೊಳ್ಳಲಿ. ಅಮೆರಿಕ, ವೆಸ್ಟ್ ಇಂಡೀಸ್‌ನಲ್ಲಿ ಆಡಿದ ಸ್ಕಾಟ್ಲೆಂಡ್, ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕತ್ವ ಕೊಟ್ಟದ್ದು ನಮ್ಮ ಕರ್ನಾಟಕ ಹಾಲು ಮಹಾಮಂಡಳ. ಶಿವಮೊಗ್ಗ ಹಾಲು ಒಕ್ಕೂಟಕ್ಕೆ ಚಿತ್ರದುರ್ಗ ಜಿಲ್ಲೆಯೂ ಸೇರಿರುವುದರಿಂದ, ಬೆಳಗಿನ ಜಾವ ಡೇರಿಗೆ ಹಾಲು ಹಾಕುವ ಚಳ್ಳಕೆರೆ ತಾಲ್ಲೂಕಿನ ರೈತ ಮಹಿಳೆಯೂ ಆ ತಂಡಗಳ ಪ್ರಾಯೋಜಕಿಯೇ. ವ್ಯಾಪಾರ ವಿಸ್ತರಣೆಯ ತೀರ್ಮಾನವಾಗಿ ಅದನ್ನು ಸಮರ್ಥಿಸಬಹುದು. ಹಳ್ಳಿಯ ದುಡ್ಡು ಜಗತ್ತಿನ ಕ್ರೀಡಾಕೂಟಕ್ಕೆ ಹೋಗಲು ದಾರಿ ಇದೆ ಎಂದಾದರೆ, ಕೂಟದ ದುಡ್ಡು ಹಳ್ಳಿಗೆ ಬರಲೂ ದಾರಿ ಮಾಡಬಹುದು.

ಹಣ ಎಲ್ಲಿಂದ ಎಂಬ ಕೊನೆಯ ಪ್ರಶ್ನೆಗೆ ಕರ್ನಾಟಕ ದೆಹಲಿಯ ಕಡೆ ನೋಡುತ್ತ ಕೂರಬೇಕಿಲ್ಲ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್‌ನಂಥ ಟೂರ್ನಿಗಳ ಟಿಕೆಟ್ ಮೇಲೆ ಜಿಎಸ್‌ಟಿ ಶೇ 40ಕ್ಕೆ ಏರಿದೆ. ಮಾನ್ಯತೆ ಪಡೆದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 500 ರೂಪಾಯಿ ಮೀರಿದ ಟಿಕೆಟ್‌ಗೆ ಶೇ 18. ಇದರಲ್ಲಿ ಅರ್ಧ ರಾಜ್ಯದ ಬೊಕ್ಕಸಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಪಂದ್ಯ ನಡೆದಾಗ ಬರುವ ಈ ತೆರಿಗೆಯಷ್ಟನ್ನಾದರೂ ಪ್ರತ್ಯೇಕ ನಿಧಿಯಾಗಿ ಇಟ್ಟು, ಬೆಂಗಳೂರು, ಮೈಸೂರು ನಗರಗಳನ್ನು ಬಿಟ್ಟು ಉಳಿದ ತಾಲ್ಲೂಕುಗಳಿಗೆ ಹಂಚಲು ರಾಜ್ಯ ಸರ್ಕಾರದ ಒಂದು ಆದೇಶ ಸಾಕು. ಉದ್ಯೋಗ ಖಾತ್ರಿಯಡಿ ಶಾಲೆಗಳಲ್ಲಿ ಖೊ–ಖೊ, ಬ್ಯಾಸ್ಕೆಟ್‌ಬಾಲ್ ಅಂಕಣ ಹಾಕಿದ ಅನುಭವ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಇದೆ. ದಸರಾ ಕ್ರೀಡಾಕೂಟ ಪ್ರತಿ ವರ್ಷ ತಾಲ್ಲೂಕು ಮಟ್ಟದಿಂದಲೇ ಶುರುವಾಗುತ್ತದೆ. ಅಂಕಣವೂ ಇದೆ, ಸ್ಪರ್ಧೆಯೂ ಇದೆ. ಇವೆರಡರ ನಡುವೆ ವರ್ಷದ ಉಳಿದ ದಿನಗಳಲ್ಲಿ ಮಕ್ಕಳ ಜೊತೆ ನಿಲ್ಲುವ ಗುರುಗಳು ಬೇಕು. ಸರ್ಕಾರಿ ಶಾಲೆಗಳಲ್ಲಿ ಖಾಲಿ ಇರುವ ದೈಹಿಕ ಶಿಕ್ಷಕರ ಹುದ್ದೆಗಳನ್ನು ಚಳ್ಳಕೆರೆ, ಮೊಳಕಾಲ್ಮುರಿನಂಥ ಬರದ ತಾಲ್ಲೂಕುಗಳಿಂದಲೇ ತುಂಬುತ್ತ ಬರಲು ಅಹಮದಾಬಾದಿನ ಕೂಟಕ್ಕೆ ಕಾಯುವ ಅಗತ್ಯವಿಲ್ಲ; ಮುಂದಿನ ರಾಜ್ಯ ಬಜೆಟ್‌ನಲ್ಲೇ ಅದಕ್ಕೆ ಹಣ ತೆಗೆದಿಡಬಹುದು.